ಕಡತಗಳ ಸಾಮೂಹಿಕ ಮರುನಾಮಕರಣ: ತಂತ್ರಾಂಶದ ಆಯ್ಕೆ

ಡಿಜಿಟಲ್ ಕ್ಯಾಮೆರಾ ತಾನು ತೆಗೆದ ಪ್ರತಿ ಚಿತ್ರಕ್ಕೂ ತಾನೇ ಒಂದು ಹೆಸರಿಡುತ್ತದೆ. ಆ ಹೆಸರು ಹೇಗಿರಬೇಕೆಂಬುದನ್ನು ಜಪಾನಿನಲ್ಲಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಡಿಸಿಎಫ್ ಎಂಬ ಮಾನಕ ಗೊತ್ತುಪಡಿಸಿದ್ದು, ಅದರಂತೆ ಮೊದಲು ನಾಲ್ಕು ಅಕ್ಷರಗಳೂ ಅವುಗಳ ನಂತರ ನಾಲ್ಕು ಅಂಕಿಗಳೂ ಬರುತ್ತವೆ. ನಾಲ್ಕು ಅಂಕಿಗಳ ಎಣಿಕೆ 9999ಕ್ಕೆ ಮುಗಿದು ಮತ್ತೆ ಒಂದರಿಂದ ಶುರುವಾಗುತ್ತದೆ. ಹೀಗಾಗಿ ಒಂದೇ ಕ್ಯಾಮೆರಾದಲ್ಲಿ ಬೇರೆ ಬೇರೆ ವರ್ಷ ತೆಗೆದ ಎರಡು ಚಿತ್ರಗಳಿಗೆ, ಅಥವಾ ಒಂದೇ ತಯಾರಕರ ಎರಡು ಕ್ಯಾಮೆರಾಗಳಲ್ಲಿ ಒಂದೇ ದಿನ ತೆಗೆದ ಚಿತ್ರಗಳಿಗೆ, ಒಂದೇ ಹೆಸರು ಬರುವುದು ಅಪರೂಪವೇನಲ್ಲ. ಸ್ಕ್ಯಾನರು, ಧ್ವನಿಮುದ್ರಣ ಯಂತ್ರ, ಮೊಬೈಲ್ ಫೋನು ಇವುಗಳ ರೀತಿಯೂ ಹೆಚ್ಚುಕಡಿಮೆ ಇದೇ. ಯಂತ್ರ ಇಟ್ಟ ಹೆಸರಿನಲ್ಲಿ ಕ್ರಮಸಂಖ್ಯೆಯೋ ದಿನಾಂಕವೋ ಇರುತ್ತದೆ. ಕಡತದೊಳಗೆ ಏನಿದೆ ಎಂಬುದರ ಸುಳಿವು ಇರುವುದಿಲ್ಲ.

ಇಂಥ ನೂರಾರು ಕಡತಗಳ ಹೆಸರನ್ನು ಒಂದು ನಿಯಮಕ್ಕೆ ಒಳಪಡಿಸಿ ಒಮ್ಮೆಲೇ ಬದಲಾಯಿಸುವುದಕ್ಕೆ ಸಾಮೂಹಿಕ ಮರುನಾಮಕರಣ ಎಂದು ಹೆಸರು. ಈ ಕೆಲಸಕ್ಕಾಗಿಯೇ ಬರೆದ ತಂತ್ರಾಂಶಗಳು ಹತ್ತಾರು ಇವೆ. ಅವುಗಳಲ್ಲಿ ಯಾವುದನ್ನು, ಯಾವ ಮಾನದಂಡದಿಂದ ಆರಿಸಬೇಕು ಎಂಬುದು ಈ ಭಾಷಣದ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡಬಹುದು. ತಂತ್ರಾಂಶಕ್ಕೆ ಎಷ್ಟು ಬಗೆಯ ಚಮತ್ಕಾರಗಳು ಗೊತ್ತು ಎಂಬುದು ಎರಡನೆಯ ಮಾತು. ಕೆಲಸಕ್ಕೆ ಮುಂಚೆ ಅದು ಫಲಿತಾಂಶವನ್ನು ಪೂರ್ತಿಯಾಗಿ ತೋರಿಸುತ್ತದೆಯೇ, ಕೆಲಸವಾದ ಮೇಲೆ ಅದನ್ನು ರದ್ದುಮಾಡಲು ದಾರಿ ಉಳಿಸುತ್ತದೆಯೇ ಎಂಬುದು ಮೊದಲನೆಯದು.

ಈ ಎರಡು ಗುಣಗಳಿಗೆ ಇಷ್ಟೊಂದು ಮಹತ್ವ ಏಕೆಂಬುದನ್ನು ತಿಳಿಯಲು, ಹೆಸರು ಬದಲಾಯಿಸುವಾಗ ಗಣಕಯಂತ್ರದೊಳಗೆ ನಡೆಯುವುದೇನು ಎಂಬುದನ್ನು ಗಮನಿಸಬೇಕು. ಕಡತದ ಹೆಸರು ಕಡತದೊಳಗಿನ ಮಾಹಿತಿಯ ಭಾಗವಲ್ಲ. ಅದು ಫೋಲ್ಡರಿನ ಪಟ್ಟಿಯಲ್ಲಿ ದಾಖಲಾಗಿರುವ ಒಂದು ನಮೂದು ಮಾತ್ರ. ಮನೆಯ ಬಾಗಿಲಿಗೆ ಹೊಡೆದ ನಾಮಫಲಕವನ್ನು ಬದಲಿಸಿದರೆ ಒಳಗಿನ ಪಾತ್ರೆಪಗಡಗಳು ಕದಲುವುದಿಲ್ಲವಷ್ಟೆ. ಆದ್ದರಿಂದ ಮೂರು ಗಂಟೆಯ ಚಲನಚಿತ್ರವಾಗಲಿ ಮೂರು ಸಾಲಿನ ಪತ್ರವಾಗಲಿ, ಅದರ ಹೆಸರು ಬದಲಾಗಲು ತಗಲುವ ಸಮಯ ಒಂದೇ, ಮತ್ತು ಸಾವಿರ ಕಡತಗಳ ಹೆಸರು ಕೆಲವೇ ಕ್ಷಣಗಳಲ್ಲಿ ಬದಲಾಗುತ್ತದೆ. ಅನುಕೂಲವಿರುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ನಿಯಮದಲ್ಲಿ ಒಂದು ತಪ್ಪಿದ್ದರೆ, ಕೈ ತಡೆಯುವಷ್ಟರೊಳಗೆ ಆ ತಪ್ಪು ಸಾವಿರ ಸಲ ನಡೆದುಹೋಗಿರುತ್ತದೆ. ಹಳೆಯ ಹೆಸರಿನ ಪ್ರತಿಯನ್ನು ಗಣಕವು ತಾನಾಗಿ ಎಲ್ಲಿಯೂ ಶಾಶ್ವತವಾಗಿ ಕಾದಿಡುವುದಿಲ್ಲ.

ಮುನ್ನೋಟ ಮತ್ತು ರದ್ದತಿ, ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲಿಗೆ ಗಣಕದಲ್ಲಿ ಅದಾಗಲೇ ಇರುವ ಸೌಲಭ್ಯಗಳನ್ನು ನೋಡಬಹುದು. ವಿಂಡೋಸ್‌ನಲ್ಲಿ ಹಲವು ಕಡತಗಳನ್ನು ಒಟ್ಟಿಗೆ ಆರಿಸಿಕೊಂಡು, ಕೀಲಿಮಣೆಯ ಎಫ್2 ಕೀಲಿಯನ್ನು ಒತ್ತಿ, ಒಂದು ಹೆಸರನ್ನು ಬೆರಳಚ್ಚಿಸಿದರೆ ಎಲ್ಲ ಕಡತಗಳಿಗೂ ಅದೇ ಹೆಸರು ಬಂದು, ಕೊನೆಯಲ್ಲಿ ಆವರಣ ಚಿಹ್ನೆಯೊಳಗೆ ಒಂದು, ಎರಡು, ಮೂರು ಎಂಬ ಸಂಖ್ಯೆ ಸೇರುತ್ತದೆ. ಮುನ್ನೋಟವಿಲ್ಲ, ಆದರೆ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಳೆಯ ಹೆಸರುಗಳು ಮರಳುತ್ತವೆ. ಆಪಲ್ ಗಣಕಗಳ ಫೈಂಡರ್‌ಗೆ ಈ ಸೌಲಭ್ಯ 2014ರ ಯೊಸೆಮಿಟಿ ಆವೃತ್ತಿಯಲ್ಲಿ ಬಂದಿದ್ದು, ಅದು ಒಂದು ಪದವನ್ನು ತೆಗೆದು ಇನ್ನೊಂದನ್ನು ಹಾಕಬಲ್ಲದು, ಹೆಸರಿನ ಮುಂದೆ ಅಥವಾ ಹಿಂದೆ ಪದ ಸೇರಿಸಬಲ್ಲದು, ಕ್ರಮಸಂಖ್ಯೆ ಕೊಡಬಲ್ಲದು. ಆದರೆ ಮುನ್ನೋಟವಾಗಿ ತೋರಿಸುವುದು ಒಂದೇ ಒಂದು ಉದಾಹರಣೆಯನ್ನು. ಲಿನಕ್ಸ್ ಬಳಸುವವರಿಗೆ ಗ್ನೋಮ್‌ನ ಕಡತ ವೀಕ್ಷಕದಲ್ಲಿ 2016ರಿಂದ ಇಂಥ ಸೌಲಭ್ಯವಿದೆ. ಎಕ್ಸ್‌ಎಫ್‌ಸಿಇಯ ಥುನಾರ್ ಜೊತೆಗಂತೂ ಇದಕ್ಕೆಂದೇ ಒಂದು ಪ್ರತ್ಯೇಕ ಕಿಟಕಿ ಬರುತ್ತದೆ. ಐವತ್ತು ಚಿತ್ರಗಳಿಗೆ ಮನೆಯ ಸಮಾರಂಭದ ಹೆಸರಿಟ್ಟು ಸಂಖ್ಯೆ ಹಾಕುವವರು ಇವುಗಳಾಚೆ ಹುಡುಕಬೇಕಾದ ಕಾರಣವಿಲ್ಲ.

ಕಾರಣ ಹುಟ್ಟುವುದು ಸಂಖ್ಯೆಗಳ ಜೋಡಣೆಯಲ್ಲಿ. ಒಂದು, ಎರಡು, ಹತ್ತು ಎಂಬ ಮೂರು ಸಂಖ್ಯೆಗಳನ್ನು ಅಕ್ಷರಗಳೆಂದು ಭಾವಿಸಿ ಜೋಡಿಸುವ ಯಂತ್ರ, ಒಂದರ ನಂತರ ಹತ್ತನ್ನೂ ಹತ್ತರ ನಂತರ ಎರಡನ್ನೂ ಇಡುತ್ತದೆ. ವಿಂಡೋಸ್‌ನ ಕಡತ ವೀಕ್ಷಕ ಎಕ್ಸ್‌ಪಿ ಆವೃತ್ತಿಯ ಕಾಲದಿಂದಲೂ ಸಂಖ್ಯೆಯ ಬೆಲೆಯನ್ನು ನೋಡಿಯೇ ಜೋಡಿಸುತ್ತದೆಯಾದರೂ, ಪೆನ್‌ಡ್ರೈವ್ ಚುಚ್ಚಿ ಹಾಡು ಕೇಳುವ ಅನೇಕ ಸಣ್ಣ ಉಪಕರಣಗಳಿಗೆ ಆ ವಿವೇಕ ಇರುವುದಿಲ್ಲ. ಇದಕ್ಕೆ ಪರಿಹಾರ ಸಂಖ್ಯೆಯ ಹಿಂದೆ ಸೊನ್ನೆಗಳನ್ನು ತುಂಬಿ, ಒಂದನ್ನು ಸೊನ್ನೆ ಸೊನ್ನೆ ಒಂದು ಎಂದು ಬರೆಯುವುದು. ದಿನಾಂಕದ ವಿಚಾರವೂ ಹೀಗೆಯೇ. ಭಾರತದಲ್ಲಿ ದಿನ, ತಿಂಗಳು, ವರ್ಷ ಎಂದು ಬರೆಯುವ ರೂಢಿ ಗಟ್ಟಿಯಾಗಿದ್ದು, ಆ ರೂಢಿಯಂತೆ ಹೆಸರಿಟ್ಟ ಕಡತಗಳಲ್ಲಿ ಎಲ್ಲ ತಿಂಗಳ ಒಂದನೆಯ ತಾರೀಕುಗಳೂ ಒಂದೆಡೆ ಸೇರಿ ಕಾಲಕ್ರಮ ಕೆಡುತ್ತದೆ. ವರ್ಷವನ್ನು ಮೊದಲಿಟ್ಟು, ಆಮೇಲೆ ತಿಂಗಳು, ಕೊನೆಗೆ ದಿನ ಎಂದು ಬರೆದರೆ ಅಕ್ಷರಕ್ರಮವೇ ಕಾಲಕ್ರಮವಾಗುತ್ತದೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1988ರಿಂದ ಹೇಳುತ್ತಿರುವುದೂ ಇದೇ ಅನುಕ್ರಮವನ್ನು. ಸೊನ್ನೆ ತುಂಬುವುದು, ದಿನಾಂಕದ ಅಂಗಗಳನ್ನು ಅದಲುಬದಲು ಮಾಡುವುದು, ಇವೆರಡೂ ವಿಂಡೋಸ್‌ನ ಎಫ್2 ಕೀಲಿಗೆ ನಿಲುಕದವು.

ಗಣಕದೊಂದಿಗೆ ಬಂದ ಸೌಲಭ್ಯ ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು ಎಂಬುದು ಇಷ್ಟರಿಂದ ತಿಳಿಯಿತು. ಇನ್ನು ಪ್ರತ್ಯೇಕ ತಂತ್ರಾಂಶಗಳ ಕಡೆ ಗಮನ ಹರಿಸಬಹುದು. ವಿಂಡೋಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವವು ಬಲ್ಕ್ ರೀನೇಮ್ ಯುಟಿಲಿಟಿ, ಅಡ್ವಾನ್ಸ್‌ಡ್ ರೀನೇಮರ್, ಡೆನ್4ಬಿ ಹೊರತಂದಿರುವ ರೀನೇಮರ್, ಆಂಟ್ ರೀನೇಮರ್, ಮತ್ತು ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಕಟ್ಟಿನಲ್ಲಿ 2019ರಿಂದ ಸಿಗುವ ಪವರ್‌ರೀನೇಮ್. ಇವುಗಳಲ್ಲಿ ಕೊನೆಯದು ತೀರ ಸರಳ: ಹುಡುಕಬೇಕಾದ ಪದಕ್ಕೊಂದು ಜಾಗ, ಅದರ ಬದಲು ಬರಬೇಕಾದ ಪದಕ್ಕೊಂದು ಜಾಗ, ಪಕ್ಕದಲ್ಲಿ ಹಳೆಯ ಹೆಸರು ಮತ್ತು ಹೊಸ ಹೆಸರುಗಳ ಎರಡು ಕಂಬಸಾಲುಗಳು, ಕೆಲಸವಾದ ಮೇಲೆ ಕಂಟ್ರೋಲ್ ಜೆಡ್‌ನಿಂದ ರದ್ದುಮಾಡಬಹುದು. ಬಲ್ಕ್ ರೀನೇಮ್ ಯುಟಿಲಿಟಿ ಇದಕ್ಕೆ ತದ್ವಿರುದ್ಧ. ಅದರ ಒಂದೇ ಕಿಟಕಿಯಲ್ಲಿ ಹತ್ತಕ್ಕೂ ಹೆಚ್ಚು ಚೌಕಗಳು ಒತ್ತೊತ್ತಾಗಿ ಕುಳಿತಿದ್ದು, ಪ್ರತಿ ಚೌಕದಲ್ಲೂ ಒಂದೊಂದು ಬಗೆಯ ಬದಲಾವಣೆಗೆ ಬೇಕಾದ ಗುಂಡಿಗಳಿರುತ್ತವೆ. ವಿಮಾನ ಚಾಲಕನ ಎದುರಿನ ಫಲಕ ಎಂದು ಇದನ್ನು ಕರೆದವರಿದ್ದಾರೆ. ಆ ಮಾತಿನಲ್ಲಿ ಮೆಚ್ಚುಗೆಯಷ್ಟೇ ದೂರೂ ಇದೆ. ದಿನವೂ ಇದೇ ಕೆಲಸ ಮಾಡುವವರಿಗೆ ಎಲ್ಲವೂ ಕೈಗೆಟುಕಿನಲ್ಲಿರುವುದು ಲಾಭ. ವರ್ಷಕ್ಕೆರಡು ಸಲ ಬಳಸುವವರು ಮಾತ್ರ, ಹಿಂದಿನ ಸಲ ಒಂದು ಮೂಲೆಯಲ್ಲಿ ಬಿಟ್ಟಿದ್ದ ಗುರುತು ಈ ಸಲವೂ ಸದ್ದಿಲ್ಲದೆ ಕೆಲಸ ಮಾಡುತ್ತಿರುವುದನ್ನು ಗಮನಿಸದೆ ಹೋಗಬಹುದು.

ಅಡ್ವಾನ್ಸ್‌ಡ್ ರೀನೇಮರ್ ಮತ್ತು ಡೆನ್4ಬಿಯ ರೀನೇಮರ್ ಹಿಡಿದಿರುವ ದಾರಿ ಬೇರೆ. ಅಲ್ಲಿ ಬಳಕೆದಾರರು ನಿಯಮಗಳನ್ನು ಒಂದರ ಕೆಳಗೊಂದು ಪೇರಿಸುತ್ತಾರೆ. ಮೊದಲು ಯಂತ್ರ ಇಟ್ಟ ಅಕ್ಷರಗಳನ್ನು ಅಳಿಸು, ಬಳಿಕ ಊರಿನ ಹೆಸರು ಸೇರಿಸು, ಕೊನೆಗೆ ಸಂಖ್ಯೆ ಹಾಕು ಎಂಬ ಆದೇಶಗಳು ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ ನಡೆಯುತ್ತವೆ. ಏನು ನಡೆಯಲಿದೆ ಎಂಬುದನ್ನು ಓದಿ ತಿಳಿಯಬಹುದಾದ ಈ ಪದ್ಧತಿಯೇ ಸಾಮಾನ್ಯ ಬಳಕೆದಾರರಿಗೆ ಹೆಚ್ಚು ಕ್ಷೇಮಕರ. ಅಡ್ವಾನ್ಸ್‌ಡ್ ರೀನೇಮರ್ ಹಿಂದಿನ ಮರುನಾಮಕರಣಗಳ ದಾಖಲೆಯನ್ನೂ ಇಟ್ಟುಕೊಳ್ಳುವುದರಿಂದ, ಆ ಕ್ಷಣ ಕಣ್ಣಿಗೆ ಬೀಳದ ತಪ್ಪನ್ನು ಆಮೇಲೆ ಕಂಡುಕೊಂಡವರಿಗೂ ದಾರಿ ಉಳಿದಿರುತ್ತದೆ. ಬೆಲೆಯ ವಿಷಯವಾಗಿ ಒಂದು ಮಾತು. ಈ ಎರಡು ತಂತ್ರಾಂಶಗಳೂ ಬಲ್ಕ್ ರೀನೇಮ್ ಯುಟಿಲಿಟಿಯೂ ಸ್ವಂತ ಬಳಕೆಗೆ ಉಚಿತವಾಗಿ ದೊರೆಯುತ್ತವೆ. ಕಚೇರಿ, ಸ್ಟುಡಿಯೋ, ಮುದ್ರಣಾಲಯಗಳಲ್ಲಿ ಬಳಸುವವರು ಪರವಾನಗಿ ಕೊಳ್ಳಬೇಕು. ಆಂಟ್ ರೀನೇಮರ್ ಮತ್ತು ಪವರ್‌ರೀನೇಮ್ ಮುಕ್ತ ತಂತ್ರಾಂಶಗಳಾದ್ದರಿಂದ ಅವುಗಳಿಗೆ ಈ ಕಟ್ಟುಪಾಡಿಲ್ಲ.

ಸಾಮಾನ್ಯ ಕೆಲಸಕ್ಕೆ ಬೇಕಾದ ಉಪಕರಣಗಳ ಪರಿಚಯ ಇಲ್ಲಿಗೆ ಮುಗಿಯಿತು. ಈಗ ಸ್ವಲ್ಪ ತೊಡಕಿನ ಒಂದು ಪ್ರಸಂಗವನ್ನು ಪರಿಶೀಲಿಸಬಹುದು. ಒಂದು ಮದುವೆಯಲ್ಲಿ ಮೂವರು ಛಾಯಾಗ್ರಾಹಕರು ಮೂರು ಕ್ಯಾಮೆರಾಗಳಲ್ಲಿ ಚಿತ್ರ ತೆಗೆದಿದ್ದಾರೆಂದು ಕೇಳುಗರು ಊಹಿಸಿಕೊಳ್ಳಲಿ. ಆಲ್ಬಮ್ಮಿಗೆ ಬೇಕಾದದ್ದು ಚಪ್ಪರದ ಪೂಜೆ, ಧಾರೆ, ಆರತಕ್ಷತೆ ಎಂಬ ಕಾಲಕ್ರಮ. ಕ್ಯಾಮೆರಾಗಳು ಕೊಟ್ಟಿರುವುದು ಒಂದನ್ನೊಂದು ಹೋಲುವ ಮೂರು ಸಂಖ್ಯಾಸರಣಿ. ಇಲ್ಲಿ ನೆರವಿಗೆ ಬರುವುದು ಎಕ್ಸಿಫ್ ಎಂಬ ಮಾಹಿತಿ, ಎಂದರೆ ಚಿತ್ರದ ಕಡತದೊಳಗೇ ಕ್ಯಾಮೆರಾ ಬರೆದಿಡುವ ದಿನಾಂಕ, ಸಮಯ, ಮಸೂರದ ವಿವರ ಮೊದಲಾದವು. ಈ ಸಮಯವನ್ನೇ ತೆಗೆದು ಹೆಸರಾಗಿ ಮಾಡಿದರೆ ಮೂರೂ ಕ್ಯಾಮೆರಾಗಳ ಚಿತ್ರಗಳು ತಾವಾಗಿ ಸಾಲುಗೂಡುತ್ತವೆ. ಅಡ್ವಾನ್ಸ್‌ಡ್ ರೀನೇಮರ್ ಇದನ್ನು ಮಾಡಬಲ್ಲದು. ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್ ಇದರಲ್ಲಿ ಎಲ್ಲಕ್ಕಿಂತ ಸಮರ್ಥ, ಆದರೆ ಅದಕ್ಕೆ ಆದೇಶಗಳನ್ನು ಬೆರಳಚ್ಚಿಸಬೇಕು.

ಈ ದಾರಿಯಲ್ಲೂ ಮುಳ್ಳುಗಳಿವೆ. ಮೂರು ಕ್ಯಾಮೆರಾಗಳ ಗಡಿಯಾರಗಳು ಒಂದೇ ಸಮಯ ತೋರಿಸುತ್ತಿರಬೇಕು. ಒಂದರ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಮಾಂಗಲ್ಯಧಾರಣೆಯ ಒಂದಷ್ಟು ಚಿತ್ರಗಳು ಮುಹೂರ್ತಕ್ಕೆ ಮುಂಚೆಯೇ ಬಂದು ಕೂರುತ್ತವೆ. ಎಕ್ಸಿಫ್‌ಟೂಲ್‌ನಲ್ಲಿ ಆ ಕ್ಯಾಮೆರಾದ ಚಿತ್ರಗಳ ಸಮಯಕ್ಕೆ ಮಾತ್ರ ಹತ್ತು ನಿಮಿಷ ಕೂಡಿಸಿ, ಅನಂತರ ಹೆಸರಿಡಬಹುದು. ಎಕ್ಸಿಫ್ ತನ್ನ ಸಮಯವನ್ನು ವಿಸರ್ಗದಂತೆ ಕಾಣುವ ಕೋಲನ್ ಚಿಹ್ನೆಗಳಿಂದ ಬೇರ್ಪಡಿಸಿ ಬರೆಯುತ್ತದೆ. ಕಡತದ ಹೆಸರಿನಲ್ಲಿ ವಿಂಡೋಸ್ ನಿಷೇಧಿಸಿರುವ ಒಂಬತ್ತು ಚಿಹ್ನೆಗಳಲ್ಲಿ ಕೋಲನ್ ಕೂಡ ಒಂದಾದ್ದರಿಂದ ಅದರ ಜಾಗಕ್ಕೆ ಅಡ್ಡಗೆರೆಯನ್ನು ತರಬೇಕು. ಒಂದೇ ಸೆಕೆಂಡಿನಲ್ಲಿ ತೆಗೆದ ಹಲವು ಚಿತ್ರಗಳಿಗೆ ಒಂದೇ ಹೆಸರು ಬಾರದಂತೆ ಕೊನೆಗೊಂದು ಸಂಖ್ಯೆಯೂ ಬೇಕು. ಕ್ಯಾಮೆರಾ ಪ್ರತಿ ಚಿತ್ರವನ್ನು ಕಚ್ಚಾ ರೂಪದಲ್ಲೂ ಜೆಪಿಜಿ ರೂಪದಲ್ಲೂ ಉಳಿಸಿದ್ದರೆ, ಆ ಜೋಡಿ ಅಗಲದಂತೆ ಎರಡಕ್ಕೂ ಒಂದೇ ಹೆಸರು ಬರಬೇಕು. ವಾಟ್ಸ್‌ಆ್ಯಪ್ ಮೂಲಕ ಫೋಟೋ ಆಗಿ ಬಂದ ಚಿತ್ರಗಳಲ್ಲಂತೂ ಎಕ್ಸಿಫ್ ಮಾಹಿತಿ ಅಳಿಸಿಹೋಗಿರುತ್ತದೆ. ಅವುಗಳಿಗೆ ಆಂಡ್ರಾಯ್ಡ್ ಫೋನಿನಲ್ಲಿ ಸಿಗುವ ಹೆಸರಿನೊಳಗಿನ ದಿನಾಂಕವೇ ಉಳಿದ ಏಕೈಕ ಸುಳಿವಾಗಿರಬಹುದಾದ್ದರಿಂದ, ಆ ಹೆಸರನ್ನು ಅಳಿಸುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಒಂದೇ ಹೆಸರು ಎರಡು ಕಡತಗಳಿಗೆ ಬರುವ ಸಂಗತಿ ಈಗಷ್ಟೇ ಪ್ರಸ್ತಾಪವಾಯಿತು. ಮುನ್ನೋಟದ ನಿಜವಾದ ಪರೀಕ್ಷೆ ನಡೆಯುವುದು ಇಂಥ ಘರ್ಷಣೆಗಳಲ್ಲಿಯೇ. ನಿಯಮದ ಫಲವಾಗಿ ಎರಡು ಕಡತಗಳಿಗೆ ಒಂದೇ ಹೆಸರು ಬರುವಂತಿದ್ದರೆ, ಒಳ್ಳೆಯ ತಂತ್ರಾಂಶ ಕೆಲಸ ಆರಂಭಿಸುವ ಮೊದಲೇ ಅದನ್ನು ಎತ್ತಿ ತೋರಿಸಿ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಎರಡರಿಂದ ನೂರೊಂದಕ್ಕೆ ಸರಿಸಬೇಕೆಂದಾಗ, ಮೊದಲ ಕಡತಕ್ಕೆ ಎರಡು ಎಂದು ಹೆಸರಿಡಲು ಹೋದರೆ ಆ ಹೆಸರು ಅದಾಗಲೇ ಬಳಕೆಯಲ್ಲಿರುತ್ತದೆ. ಜಾಣ ತಂತ್ರಾಂಶ ಕೊನೆಯಿಂದ ಆರಂಭಿಸುತ್ತದೆ, ಇಲ್ಲವೇ ಎಲ್ಲಕ್ಕೂ ಒಂದು ತಾತ್ಕಾಲಿಕ ಹೆಸರಿಟ್ಟು ಎರಡನೆಯ ಸುತ್ತಿನಲ್ಲಿ ನಿಜವಾದ ಹೆಸರನ್ನು ಕೊಡುತ್ತದೆ. ದಡ್ಡ ತಂತ್ರಾಂಶ ನಡುವೆ ನಿಲ್ಲುತ್ತದೆ. ಅಪಾಯಕಾರಿ ತಂತ್ರಾಂಶ ನಿಲ್ಲುವುದಿಲ್ಲ. ಅದು ಒಂದು ಕಡತದ ಮೇಲೆ ಇನ್ನೊಂದನ್ನು ಬರೆದು ಮುಂದುವರಿಯುತ್ತದೆ.

ಲಿನಕ್ಸ್‌ನಲ್ಲಿ ಆದೇಶ ಬೆರಳಚ್ಚಿಸಿ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಲ್ಲಿ ರೀನೇಮ್ ಎಂಬ ಒಂದೇ ಹೆಸರಿನ ಎರಡು ಬೇರೆ ಬೇರೆ ಉಪಕರಣಗಳಿವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಆ ಹೆಸರಿನಿಂದ ಸಿಗುವುದು ಪರ್ಲ್ ಭಾಷೆಯ ಕರ್ತೃ ಲ್ಯಾರಿ ವಾಲ್ ಬರೆದ ಪುಟ್ಟ ಕ್ರಮವಿಧಿಯಿಂದ ಬೆಳೆದುಬಂದದ್ದು. ಬಳಕೆದಾರರು ಒತ್ತಾಯಿಸಿ ಹೇಳದ ಹೊರತು ಅದು ಇರುವ ಕಡತದ ಮೇಲೆ ಬರೆಯುವುದಿಲ್ಲ. ಎನ್ ಎಂಬ ಸೂಚನೆ ಕೊಟ್ಟರೆ ಏನನ್ನೂ ಬದಲಿಸದೆ ಬದಲಾಗಲಿರುವುದನ್ನಷ್ಟೇ ಪಟ್ಟಿಮಾಡುತ್ತದೆ. ಫೆಡೋರಾದಲ್ಲಿ ಅದೇ ಹೆಸರಿನಿಂದ ಸಿಗುವ ಇನ್ನೊಂದು ಉಪಕರಣದ ಬರೆಯುವ ಕ್ರಮವೇ ಬೇರೆ, ಮತ್ತು ತಾನಾಗಿ ಅದು ಅಂಥ ರಕ್ಷಣೆಯನ್ನು ಕೊಡುವುದಿಲ್ಲ.

ಹೆಸರುಗಳ ಘರ್ಷಣೆಯವರೆಗೆ ಹೇಳಿದ್ದೆಲ್ಲ ಯಾವ ಭಾಷೆಯ ಹೆಸರಿಗೂ ಅನ್ವಯಿಸುವಂಥದು. ಕನ್ನಡದಲ್ಲಿ ಹೆಸರಿಡುವವರಿಗೆ ಇದರ ಮೇಲೆ ಇನ್ನಷ್ಟು ಎಚ್ಚರಿಕೆಗಳಿದ್ದು, ತಂತ್ರಾಂಶಗಳ ವಿಮರ್ಶೆಗಳಲ್ಲಿ ಅವು ಕಾಣಿಸುವುದು ಕಡಿಮೆ. ಮೊದಲನೆಯದು ಉದ್ದದ ಲೆಕ್ಕ. ಇಂದಿನ ಲಿನಕ್ಸ್ ಗಣಕಗಳಲ್ಲಿ ಒಂದು ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಬೈಟು ಎಂದರೆ ಸಂಗ್ರಹದ ಒಂದು ಘಟಕ. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ಲಕ್ಷ್ಮೀ ಎಂಬ ಹೆಸರು ಓದುವವರಿಗೆ ಎರಡೇ ಅಕ್ಷರ. ಯಂತ್ರಕ್ಕೆ ಅದು ಲಕಾರ, ಕಕಾರ, ವಿರಾಮ ಚಿಹ್ನೆ, ಷಕಾರ, ಮತ್ತೆ ವಿರಾಮ ಚಿಹ್ನೆ, ಮಕಾರ, ದೀರ್ಘ ಈಕಾರ ಎಂಬ ಏಳು ಸಂಕೇತಗಳು, ಎಂದರೆ 21 ಬೈಟುಗಳು. ಹೀಗೆ ಎಣಿಸಿದರೆ ಕನ್ನಡದ ಹೆಸರಿಗೆ ಸಿಗುವುದು ಸುಮಾರು 85 ಸಂಕೇತಗಳ ಜಾಗ ಮಾತ್ರ. ವಿಂಡೋಸ್‌ನ ಲೆಕ್ಕ ಬೇರೆಯಾದ್ದರಿಂದ ಅಲ್ಲಿ ಸಲೀಸಾಗಿ ನಿಂತ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಗಣಕಕ್ಕೆ ನಕಲಾಗುವಾಗ ತಡೆಯಲ್ಪಡಬಹುದು.

ಎರಡನೆಯದು ಕತ್ತರಿಸುವಿಕೆ. ಹೆಸರಿನ ಮೊದಲ ಹತ್ತು ಅಕ್ಷರಗಳನ್ನು ಉಳಿಸಿ ಮಿಕ್ಕದ್ದನ್ನು ತೆಗೆ ಎಂಬ ಆದೇಶವನ್ನು ಅನೇಕ ತಂತ್ರಾಂಶಗಳು ಹತ್ತು ಸಂಕೇತಗಳೆಂದೇ ತಿಳಿಯುತ್ತವೆ. ಆಗ ಒತ್ತಕ್ಷರ ತುಂಡಾಗಿ, ಹೆಸರು ಅರ್ಧಾಕ್ಷರದಲ್ಲಿ ನಿಲ್ಲುವ ಸಂಭವವುಂಟು. ಮೂರನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ಕೋ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಅವಕಾಶ ಕೊಟ್ಟಿದೆ. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಆಪಲ್ ಗಣಕಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಸಂಗ್ರಹ ಪದ್ಧತಿ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಕೀಲಿಮಣೆಯಿಂದ ಬರುವುದು ಸಾಮಾನ್ಯವಾಗಿ ಕೂಡಿಸಿದ ರೂಪ. ಇದರ ಫಲವಾಗಿ, ಕೋಲಾರ ಎಂದು ಹುಡುಕಿದಾಗ ಕಣ್ಣೆದುರೇ ಇರುವ ಕೋಲಾರದ ಕಡತ ತಂತ್ರಾಂಶಕ್ಕೆ ಸಿಗದೆ ಹೋಗಬಹುದು. ಕುಮಾರ್ ಎಂಬಂಥ ವ್ಯಂಜನಾಂತ ಹೆಸರುಗಳ ಕೊನೆಯಲ್ಲಿ, ಒತ್ತಾಗುವುದನ್ನು ತಡೆಯಲೆಂದು ಕೀಲಿಮಣೆ ಸೇರಿಸುವ ಅಗೋಚರ ಸಂಕೇತ ಉಳಿದುಕೊಂಡಿದ್ದರೂ ಆಗುವುದು ಇದೇ. ಎಲ್ಲ ಹೆಸರುಗಳನ್ನೂ ಮೊದಲು ಒಂದೇ ರೂಪಕ್ಕೆ ತರುವ ಸೌಲಭ್ಯವಿದ್ದರೆ, ಕನ್ನಡಿಗರ ಮಟ್ಟಿಗೆ ಅದು ಹತ್ತು ಅಲಂಕಾರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಅಂಕಿಗಳಲ್ಲೂ ಇಂಥದೇ ತೊಡಕಿದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬುದು, ಯಾವುದಾದರೂ ನಾಲ್ಕು ಅಂಕಿಗಳು ಅಥವಾ ಆರಂಭದಲ್ಲಿರುವ ಅಕ್ಷರಗಳು ಎಂಬಂತೆ ನಿರ್ದಿಷ್ಟ ಪದದ ಬದಲು ಒಂದು ವಿನ್ಯಾಸವನ್ನೇ ಹುಡುಕಿಸುವ ಸಂಕೇತಭಾಷೆ. ದಿನ, ತಿಂಗಳು, ವರ್ಷ ಎಂಬ ಮೂರು ತುಣುಕುಗಳನ್ನು ಹಿಡಿದು ತಿರುವುಮುರುವು ಮಾಡಲು ಇದಕ್ಕಿಂತ ಚುರುಕಾದ ಸಾಧನವಿಲ್ಲ. ಆದರೆ ಈ ಭಾಷೆಯಲ್ಲಿ ಅಂಕಿಯನ್ನು ಸೂಚಿಸುವ ಗುರುತಿಗೆ ಕೆಲವು ತಂತ್ರಾಂಶಗಳಲ್ಲಿ ಕನ್ನಡದ ೧, ೨, ೩ ಕೂಡ ಅಂಕಿಗಳು. ಇನ್ನು ಕೆಲವಕ್ಕೆ ಅವು ಬರಿಯ ಅಕ್ಷರಗಳು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ್ದ ಶೀರ್ಷಿಕೆಗಳನ್ನು ಹಾಗೆಯೇ ನಕಲಿಸಿ ಹೆಸರಾಗಿಸಿದ್ದರೆ, ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅಂಥವನ್ನು ಮರುನಾಮಕರಣದ ತಂತ್ರಾಂಶ ತಾನಾಗಿ ಸರಿಪಡಿಸಲಾರದು. ಮೊದಲು ಲಿಪಿ ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು, ಆ ಪಟ್ಟಿಯಿಂದ ಹೆಸರು ಓದಿಕೊಳ್ಳಬಲ್ಲ ತಂತ್ರಾಂಶಕ್ಕೆ ಅದನ್ನು ಕೊಡಬೇಕು.

ಕನ್ನಡದ ಹೆಸರುಗಳ ಉದ್ದ, ತುಂಡು, ರೂಪ, ಅಂಕಿ ಇವಿಷ್ಟು ಗಮನಕ್ಕೆ ಬಂದವು. ತಂತ್ರಾಂಶ ಯಾವುದೇ ಇರಲಿ, ಅದರ ಹಿಡಿತಕ್ಕೆ ಹೊರಗಿರುವ ಒಂದು ಸಂಗತಿಯೂ ಇದೆ. ಹಳೆಯ ಹೆಸರನ್ನು ನೆಚ್ಚಿಕೊಂಡವರು ಬೇರೆಯವರಿರಬಹುದು. ಹಾಡುಗಳ ಪಟ್ಟಿ, ಪುಸ್ತಕದ ಪುಟವಿನ್ಯಾಸ, ಚಿತ್ರಗಳ ಸೂಚಿಯನ್ನು ತಾನೇ ನಿರ್ವಹಿಸುವ ಲೈಟ್‌ರೂಮ್‌ನಂಥ ತಂತ್ರಾಂಶ, ಇವೆಲ್ಲ ಕಡತವನ್ನು ಗುರುತಿಸುವುದು ಹೆಸರಿನಿಂದ. ಹೊರಗಿನಿಂದ ಹೆಸರು ಬದಲಾದರೆ ಅವಕ್ಕೆ ಕಡತ ಕಳೆದುಹೋದಂತೆ. ಅಂಥ ಚಿತ್ರಗಳ ಹೆಸರನ್ನು ಲೈಟ್‌ರೂಮ್‌ನ ಒಳಗಿನಿಂದಲೇ ಬದಲಿಸಬೇಕು. ಕಡತದ ಬಗೆಯನ್ನು ತಿಳಿಸುವ, ಚುಕ್ಕೆಯ ನಂತರದ ಎಕ್ಸ್‌ಟೆನ್ಷನ್ ಎಂಬ ಭಾಗವನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡಿರುತ್ತದೆ. ಮರುನಾಮಕರಣದ ನಿಯಮ ಅದನ್ನು ಮುಟ್ಟದಂತೆ ನೋಡಿಕೊಳ್ಳುವುದು ಬಳಕೆದಾರರ ಹೊಣೆ.

ಹೀಗಾಗಿ ತಂತ್ರಾಂಶವನ್ನು ಆರಿಸುವ ಅತ್ಯಂತ ನಂಬಲರ್ಹ ವಿಧಾನವೆಂದರೆ, ಅದರ ವಿವರಣೆಯನ್ನು ಓದುವುದರ ಜೊತೆಗೆ ಅದಕ್ಕೊಂದು ಪರೀಕ್ಷೆ ಒಡ್ಡುವುದು. ಒಂದು ಖಾಲಿ ಫೋಲ್ಡರಿನಲ್ಲಿ ಬೆಲೆಯಿಲ್ಲದ ಹತ್ತು ಹನ್ನೆರಡು ಕಡತಗಳನ್ನು ಸೃಷ್ಟಿಸಬಹುದು. ಅವುಗಳಲ್ಲಿ ಒಂದರಿಂದ ಐದರವರೆಗೆ ಸಂಖ್ಯೆಯುಳ್ಳ ಐದು, ದಿನ ಮೊದಲಿರುವ ದಿನಾಂಕದ ಎರಡು, ಕೋಲಾರ ಮತ್ತು ಲಕ್ಷ್ಮೀ ಎಂಬ ಹೆಸರಿನವು ಒಂದೊಂದು, ಕನ್ನಡ ಅಂಕಿಯದೊಂದು, ತೀರ ಉದ್ದನೆಯ ಕನ್ನಡ ಹೆಸರಿನದೊಂದು ಇರಲಿ. ತಂತ್ರಾಂಶಕ್ಕೆ ಸಂಖ್ಯೆಗಳನ್ನು ಒಂದೊಂದು ಸ್ಥಾನ ಮುಂದೆ ಸರಿಸಲು, ಎರಡು ಕಡತಗಳಿಗೆ ಒಂದೇ ಹೆಸರಿಡಲು, ಲಕ್ಷ್ಮಿಯ ಹೆಸರನ್ನು ಮೂರಕ್ಷರಕ್ಕೆ ಕತ್ತರಿಸಲು ಆದೇಶ ಕೊಟ್ಟು, ಅದು ಯಾವುದಕ್ಕೆ ಒಪ್ಪುತ್ತದೆ, ಯಾವುದನ್ನು ತಡೆದು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಆಮೇಲೆ ತಂತ್ರಾಂಶವನ್ನು ಮುಚ್ಚಿ, ಮತ್ತೆ ತೆರೆದು, ಹಿಂದಿನ ಕೆಲಸವನ್ನು ರದ್ದುಮಾಡಲು ಹೇಳಬೇಕು. ಅಷ್ಟೂ ಕಡತಗಳು ತಮ್ಮ ಮೊದಲಿನ ಹೆಸರಿಗೆ ಮರಳದಿದ್ದರೆ, ಆ ತಂತ್ರಾಂಶಕ್ಕೆ ಮದುವೆಯ ಚಿತ್ರಗಳ ಮೂಲಪ್ರತಿಯನ್ನು ಕೊಡಬಾರದು. ಕೊಡಲೇಬೇಕಾಗಿ ಬಂದರೆ ನಕಲನ್ನಷ್ಟೇ ಕೊಡಬೇಕು.